ರಾಗಿ ಉಳಿದು ಕೀರೆ ಸಾಯುವುದೇಕೆ? ಒಂದು ಕಳೆನಾಶಕದ ಇತಿಹಾಸ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಕೊಡಬೇಕೆಂದು ಸಮಿತಿಯವರು ಕೇಳಿದಾಗ ಮೊದಲು ಒಪ್ಪಿಕೊಂಡೆ, ವಿಷಯ ಯಾವುದೆಂದು ಆಮೇಲೆ ಯೋಚಿಸಿದೆ. ಶಾಲೆಯ ನೆನಪುಗಳನ್ನೂ ಮೇಷ್ಟ್ರುಗಳ ಉಪಕಾರವನ್ನೂ ನನ್ನ ಹಿಂದಿನ, ಮುಂದಿನ ಬ್ಯಾಚಿನವರು ನನಗಿಂತ ಚೆನ್ನಾಗಿ ಬರೆದಿರುತ್ತಾರೆ. ನಾನು ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು, ಕೃಷಿ ವಿಜ್ಞಾನಿಯಲ್ಲ. ಆದರೆ ಹೊಲ ಊರಿನಲ್ಲೇ ಇದೆ, ಅಪ್ಪ ಇನ್ನೂ ರಾಗಿ ಬಿತ್ತುತ್ತಾರೆ. ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಊರಿಗೆ ಬಂದಿದ್ದಾಗ ಅಪ್ಪ ಒಂದು ಪ್ರಶ್ನೆ ಕೇಳಿದರು: "ಒಂದೇ ಔಷಧಿ, ಒಂದೇ ಸ್ಪ್ರೇಯರ್ರು. ಕೀರೆ ಮುರುಟಿಕೊಂಡು ಸಾಯ್ತದೆ, ರಾಗಿ ಹಂಗೇ ನಿಂತಿರ್ತದೆ. ಯಾವುದು ಕಳೆ ಅಂತ ಅದಕ್ಕೆ ಹೆಂಗಪ್ಪ ಗೊತ್ತಾಗ್ತದೆ?"

ಅಂಗಡಿಯವರು ಕೊಡುವ ಆ ಪುಡಿಯ ಹೆಸರು 2,4-ಡಿ. ನಮ್ಮ ಕಡೆ ರಾಗಿ, ಜೋಳ, ಮುಸುಕಿನ ಜೋಳ, ಕಬ್ಬು ಬೆಳೆಯುವ ಎಲ್ಲರಿಗೂ ಗೊತ್ತಿರುವ ಹೆಸರು. ಅಪ್ಪನ ಪ್ರಶ್ನೆಗೆ ಅಂದು ನನ್ನ ಹತ್ತಿರ ಉತ್ತರವಿರಲಿಲ್ಲ. ಬೆಂಗಳೂರಿಗೆ ಹೋದ ಮೇಲೆ ಓದುತ್ತಾ ಹೋದೆ. ಚಿಕ್ಕ ಉತ್ತರವೆಂದರೆ, ಅದಕ್ಕೆ ಗೊತ್ತಾಗುವುದಿಲ್ಲ. ದೊಡ್ಡ ಉತ್ತರಕ್ಕೆ ಸುಮಾರು 145 ವರ್ಷ ಹಿಂದಕ್ಕೆ ಹೋಗಬೇಕು.

ಹತ್ತನೇ ತರಗತಿಯ ವಿಜ್ಞಾನದಲ್ಲಿ ದ್ಯುತಿಅನುವರ್ತನೆ ಎಂಬ ಪಾಠ ನಾವೆಲ್ಲ ಓದಿದ್ದೇವೆ. ಗಿಡ ಬೆಳಕಿನ ಕಡೆ ಬಾಗುತ್ತದೆ, ಕಾರಣ ಆಕ್ಸಿನ್ ಎಂಬ ಹಾರ್ಮೋನು ಎಂದು ಬರೆದರೆ ಎರಡು ಅಂಕ. ಆ ಎರಡು ಅಂಕದ ಉತ್ತರದಿಂದಲೇ ಈ ಕಳೆನಾಶಕದ ವಂಶಾವಳಿ ಶುರುವಾಗುತ್ತದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ವಿಕಾಸವಾದದ ಚಾರ್ಲ್ಸ್ ಡಾರ್ವಿನ್ ತನ್ನ ಎಪ್ಪತ್ತೊಂದನೇ ವಯಸ್ಸಿನಲ್ಲಿ, 1880ರಲ್ಲಿ, ಮಗ ಫ್ರಾನ್ಸಿಸ್ ಜೊತೆ ಸೇರಿ ಗಿಡಗಳ ಚಲನೆಯ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಪಂಜರದ ಹಕ್ಕಿಗೆ ಹಾಕುವ ಒಂದು ಜಾತಿಯ ಹುಲ್ಲಿನ ಬೀಜವನ್ನು ಮೊಳಕೆ ಬರಿಸಿ, ಮೊಳಕೆಯ ತುದಿಗೆ ಬೆಳಕು ಬೀಳದಂತೆ ಚಿಕ್ಕ ಟೋಪಿ ಹಾಕಿ ನೋಡಿದರು. ತುದಿ ಮುಚ್ಚಿದರೆ ಮೊಳಕೆ ಬಾಗಲಿಲ್ಲ. ತುದಿ ಬಿಟ್ಟು ಕೆಳಭಾಗವನ್ನು ಮುಚ್ಚಿದರೆ ಬಾಗಿತು. ಬಾಗುವ ಜಾಗ ಕೆಳಗೆ, ಬೆಳಕನ್ನು ಗುರುತಿಸುವ ಜಾಗ ಮೇಲೆ. ಹಾಗಾದರೆ ಮೇಲಿನಿಂದ ಕೆಳಕ್ಕೆ ಏನೋ ಒಂದು ಸುದ್ದಿ ಹೋಗುತ್ತಿದೆ ಎಂದು ಅಪ್ಪ ಮಗ ಬರೆದರು. ಆ ಸುದ್ದಿ ಏನು, ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದು ಅವರಿಗೆ ಸಿಗಲಿಲ್ಲ.

1910ರ ಆಸುಪಾಸಿನಲ್ಲಿ ಡೆನ್ಮಾರ್ಕಿನ ಬಾಯ್ಸನ್ ಯೆನ್ಸನ್ ಮೊಳಕೆಯ ತುದಿ ಕತ್ತರಿಸಿ, ನಡುವೆ ಜಿಲೆಟಿನ್ ತುಣುಕು ಇಟ್ಟು ಮತ್ತೆ ಕೂರಿಸಿದ. ಆದರೂ ಸುದ್ದಿ ದಾಟಿತು. ಅಂದರೆ ಅದು ಕರಗಿ ಹರಿಯುವ ವಸ್ತು. 1926ರಲ್ಲಿ ಹಾಲೆಂಡಿನ ಊಟ್ರೆಕ್ಟಿನಲ್ಲಿ ಫ್ರಿಟ್ಸ್ ವೆಂಟ್ ಎಂಬ ಯುವಕ ಓಟ್ಸ್ ಮೊಳಕೆಯ ತುದಿಗಳನ್ನು ಅಗರ್ ತುಂಡಿನ ಮೇಲೆ ಕೆಲ ಹೊತ್ತು ಇಟ್ಟು, ಆಮೇಲೆ ಆ ಖಾಲಿ ಅಗರ್ ತುಂಡನ್ನು ತುದಿಯಿಲ್ಲದ ಮೊಳಕೆಯ ಒಂದು ಪಕ್ಕದಲ್ಲಿ ಕೂರಿಸಿದ. ಮೊಳಕೆ ಕತ್ತಲಲ್ಲೇ ಬಾಗಿತು. ವಸ್ತು ಹೆಚ್ಚಿದ್ದರೆ ಹೆಚ್ಚು, ಕಡಿಮೆ ಇದ್ದರೆ ಕಡಿಮೆ. ಬಾಗಿದ ಕೋನ ಅಳೆದರೆ ವಸ್ತುವಿನ ಪ್ರಮಾಣ ಗೊತ್ತಾಗುವಂತಾಯಿತು. ಬೆಳೆಯುವುದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಅದಕ್ಕೆ ಆಕ್ಸಿನ್ ಎಂದು ಹೆಸರು ಬಂತು.

ಆದರೆ ಮೊಳಕೆಯಲ್ಲಿ ಇರುವ ಆಕ್ಸಿನ್ ಎಷ್ಟು ಅತ್ಯಲ್ಪವೆಂದರೆ, ಅದನ್ನು ಬೇರ್ಪಡಿಸಿ ರಾಸಾಯನಿಕ ರಚನೆ ತಿಳಿಯುವುದು ಕಷ್ಟವಿತ್ತು. 1934ರಲ್ಲಿ ಅದೇ ಊಟ್ರೆಕ್ಟಿನ ಫ್ರಿಟ್ಸ್ ಕೋಗ್ಲ್ ಮತ್ತು ಸಂಗಡಿಗರು ಇಂಡೋಲ್ ಅಸಿಟಿಕ್ ಆಮ್ಲವನ್ನು ಬೇರ್ಪಡಿಸಿದ್ದು ಗಿಡದಿಂದಲ್ಲ, ಮನುಷ್ಯರ ಮೂತ್ರದಿಂದ! ಗಿಡಗಳ ಮುಖ್ಯ ಆಕ್ಸಿನ್ ಇದೇ ಎಂದು ಮುಂದೆ ಖಚಿತವಾಯಿತು.

ರಚನೆ ಗೊತ್ತಾದ ಮೇಲೆ ಅದನ್ನು ಹೋಲುವ ವಸ್ತುಗಳನ್ನು ಪ್ರಯೋಗಶಾಲೆಯಲ್ಲಿ ತಯಾರಿಸುವ ಪೈಪೋಟಿ ಶುರುವಾಯಿತು. ನರ್ಸರಿಯವರು ಕಡ್ಡಿಯನ್ನು ಅದ್ದಿ ನೆಡುವ ಬೇರಿನ ಪುಡಿ ಆ ಕಾಲದ ಫಲ. ಮಾವಿನ ಹೀಚು, ಮೆಣಸಿನ ಹೂ ಉದುರದಂತೆ ಹೊಡೆಯುವ ನ್ಯಾಫ್ತಲೀನ್ ಅಸಿಟಿಕ್ ಆಮ್ಲವೂ ಅದೇ ಮನೆತನದ್ದು. ಬೆಳೆಸುವುದಕ್ಕೆ ಹುಡುಕಿದ ವಸ್ತುಗಳು ಇವು. ಕೊಲ್ಲುವ ಯೋಚನೆ ಇನ್ನೂ ಯಾರಿಗೂ ಬಂದಿರಲಿಲ್ಲ.

ಕಳೆಯನ್ನು ಔಷಧಿಯಿಂದ ಕೊಲ್ಲುವ ಆಸೆ ಮಾತ್ರ ಅದಕ್ಕಿಂತ ಹಳೆಯದು. 1896ರ ಹೊತ್ತಿಗೆ ಫ್ರಾನ್ಸಿನ ಬೊನೆ ಎಂಬಾತ ಮೈಲುತುತ್ತದ ನೀರನ್ನು ಗೋಧಿಯಂಥ ಬೆಳೆಯ ಮೇಲೆ ಸಿಂಪಡಿಸಿ, ನಡುವಿನ ಕಾಡುಸಾಸಿವೆ ಸುಟ್ಟುಹೋಗಿ ಬೆಳೆ ಉಳಿಯುವುದನ್ನು ತೋರಿಸಿದ್ದ. ಆಮೇಲೆ ಗಂಧಕಾಮ್ಲವನ್ನೂ ಬಳಸಿದರು. ಇವೆಲ್ಲ ತಾಗಿದ ಕಡೆ ಸುಡುವ ಔಷಧಿಗಳು. ಹುಲ್ಲಿನ ಜಾತಿಯ ಎಲೆ ನೆಟ್ಟಗೆ, ಕಿರಿದಾಗಿ, ಮೇಣ ಮೆತ್ತಿದಂತಿರುವುದರಿಂದ ಹನಿ ಜಾರಿಹೋಗುತ್ತದೆ. ಸಾಸಿವೆಯ ಅಗಲವಾದ ಎಲೆಯ ಮೇಲೆ ಹನಿ ನಿಲ್ಲುತ್ತದೆ. ಇಷ್ಟೇ ಅದರ ಗುಟ್ಟು. ಬೇರಿಗೆ ಏನೂ ಆಗುತ್ತಿರಲಿಲ್ಲ, ಹೊಡೆಯುವವನ ಕೈ ಬಟ್ಟೆ ಸುಡುತ್ತಿತ್ತು.

1940ರಲ್ಲಿ ಇಂಗ್ಲೆಂಡಿನ ಜೆಲಟ್ಸ್ ಹಿಲ್ ಎಂಬಲ್ಲಿದ್ದ ಇಂಪೀರಿಯಲ್ ಕೆಮಿಕಲ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ವಿಲಿಯಂ ಟೆಂಪಲ್‌ಮನ್ ಓಟ್ಸ್ ಬೆಳೆಯ ಮೇಲೆ ಹೂ ಉದುರದಂತೆ ಹೊಡೆಯುವ ಅದೇ ನ್ಯಾಫ್ತಲೀನ್ ಅಸಿಟಿಕ್ ಆಮ್ಲವನ್ನು ಹೆಚ್ಚು ಪ್ರಮಾಣದಲ್ಲಿ ಹಾಕಿ ನೋಡಿದ. ನಡುವೆ ಇದ್ದ ಕಾಡುಸಾಸಿವೆ ಸತ್ತಿತು, ಓಟ್ಸಿಗೆ ಹೆಚ್ಚೇನೂ ಆಗಲಿಲ್ಲ. ಸುಡದೆ, ಒಳಗಿನಿಂದ, ಬೇರುಸಹಿತ. ಮುಂದೆ ಸೆಕ್ಸ್ಟನ್ ಮೊದಲಾದ ರಸಾಯನ ತಜ್ಞರ ಜೊತೆ ಹುಡುಕಿದಾಗ ಇನ್ನೂ ಪ್ರಬಲವಾದ ಎಂಸಿಪಿಎ ಎಂಬ ವಸ್ತು ಸಿಕ್ಕಿತು. ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದವರೂ ಬೇರೆ ದಾರಿಯಿಂದ ಬಂದು ಇದೇ ಗುಂಪಿನ ವಸ್ತುಗಳನ್ನು ಮುಟ್ಟಿದರು. ಎರಡನೇ ಮಹಾಯುದ್ಧದ ಕಾಲವಾದ್ದರಿಂದ ಎಲ್ಲವನ್ನೂ ಗುಟ್ಟಾಗಿಟ್ಟರು. ಜಗತ್ತಿಗೆ ತಿಳಿದದ್ದು 1945ರಲ್ಲಿ.

ಈ ಸಂಗತಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕಾಡುಸಾಸಿವೆ. ಅದು ನಾವು ಒಗ್ಗರಣೆಗೆ ಹಾಕುವ ಸಾಸಿವೆಯ ದಾಯಾದಿ. ಅವರ ಓಟ್ಸ್ ಹೊಲದಲ್ಲಿ ಅದು ಕಳೆ. ನಮ್ಮ ರಾಗಿ ಹೊಲದಲ್ಲಿ ಸಾಸಿವೆ ಅಕ್ಕಡಿಯ ಬೆಳೆ. ಈ ಮಾತಿಗೆ ಆಮೇಲೆ ಬರುತ್ತೇನೆ.

ಅಮೆರಿಕದ ಕಥೆ ಸಮಾನಾಂತರವಾಗಿ ನಡೆಯಿತು. 1941ರಲ್ಲಿ ರಾಬರ್ಟ್ ಪೊಕೊರ್ನಿ ಎಂಬ ರಸಾಯನ ತಜ್ಞ 2,4-ಡಿಯನ್ನು ತಯಾರಿಸುವ ವಿಧಾನವನ್ನು ಚಿಕ್ಕ ಟಿಪ್ಪಣಿಯಾಗಿ ಪ್ರಕಟಿಸಿದ. 1942ರಲ್ಲಿ ನ್ಯೂಯಾರ್ಕ್ ರಾಜ್ಯದ ಬಾಯ್ಸ್ ಥಾಂಪ್ಸನ್ ಸಂಸ್ಥೆಯ ಜಿಮ್ಮರ್‌ಮನ್ ಮತ್ತು ಹಿಚ್‌ಕಾಕ್ ಅದು ಬಹಳ ಪ್ರಬಲ ಆಕ್ಸಿನ್ ಎಂದು ತೋರಿಸಿದರು. ಶಿಕಾಗೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಎಜ್ರಾ ಕ್ರಾಸ್, ಇಂಥ ವಸ್ತುವನ್ನು ಅತಿಯಾಗಿ ಕೊಟ್ಟರೆ ಗಿಡವನ್ನು ಕೊಲ್ಲಬಹುದು ಎಂಬ ಯೋಚನೆ ಕೊಟ್ಟ. ಆ ಯೋಚನೆ ನೇರವಾಗಿ ಸೈನ್ಯಕ್ಕೆ ಹೋಯಿತು. ಶತ್ರು ದೇಶದ ಬೆಳೆಯನ್ನು ಆಕಾಶದಿಂದ ನಾಶಮಾಡಬಹುದಲ್ಲ! ಮೇರಿಲ್ಯಾಂಡಿನ ಕ್ಯಾಂಪ್ ಡೆಟ್ರಿಕ್ ಎಂಬ ಸೈನಿಕ ಕೇಂದ್ರದಲ್ಲಿ ಸಾವಿರದಷ್ಟು ವಸ್ತುಗಳನ್ನು ಪರೀಕ್ಷಿಸಿದರು. ಬಳಸುವ ಮೊದಲೇ ಯುದ್ಧ ಮುಗಿಯಿತು. ಇತ್ತ 1944ರಲ್ಲಿ ಹ್ಯಾಮ್ನರ್ ಮತ್ತು ಟ್ಯೂಕಿ ಹೊಲದ ಹಂಬುಕಳೆಯನ್ನು, ಮಾರ್ಥ್ ಮತ್ತು ಮಿಚೆಲ್ ಹುಲ್ಲುಹಾಸಿನಲ್ಲಿ ಬೆಳೆಯುವ ದಂಡೇಲಿಯನ್ ಗಿಡವನ್ನು 2,4-ಡಿಯಿಂದ ಕೊಂದು ತೋರಿಸಿದರು. 1945ರಲ್ಲೇ ಅದು ಅಮೆರಿಕದ ಅಂಗಡಿಗಳಿಗೆ ಬಂತು. ಭಾರತದಲ್ಲಿ ಅದರ ಪರೀಕ್ಷೆ 1946ರಲ್ಲೇ ನಡೆಯಿತು. ಸ್ವಾತಂತ್ರ್ಯಕ್ಕಿಂತ ಒಂದು ವರ್ಷ ಹಿರಿಯ!

ಇನ್ನು ಅಪ್ಪನ ಪ್ರಶ್ನೆ. ಗಿಡ ತನ್ನದೇ ಆಕ್ಸಿನನ್ನು ಬಹಳ ಲೆಕ್ಕಾಚಾರದಿಂದ ಬಳಸುತ್ತದೆ. ಬೇಕಾದ ಕಡೆ ತಯಾರಿಸುತ್ತದೆ, ಬೇಕಾದಷ್ಟು ಸಾಗಿಸುತ್ತದೆ, ಕೆಲಸ ಮುಗಿದೊಡನೆ ಒಡೆದುಹಾಕುತ್ತದೆ. ಜೀವಕೋಶದೊಳಗೆ ಬೆಳವಣಿಗೆಯ ಜೀನುಗಳನ್ನು ಅದುಮಿ ಹಿಡಿದ ಕಾವಲು ಪ್ರೋಟೀನುಗಳಿರುತ್ತವೆ. ಆಕ್ಸಿನ್ ಬಂದಾಗ ಆ ಕಾವಲುಗಾರ ನಾಶವಾಗಿ, ಜೀನುಗಳಿಗೆ ಬಿಡುಗಡೆ ಸಿಗುತ್ತದೆ. ಆಕ್ಸಿನನ್ನು ಹಿಡಿಯುವ ಟಿಐಆರ್1 ಎಂಬ ಗ್ರಾಹಕ ಪ್ರೋಟೀನು ಯಾವುದೆಂದು ಖಚಿತವಾದದ್ದು 2005ರಲ್ಲಿ. 2007ರಲ್ಲಿ ಅದರ ಆಕಾರವನ್ನು ಕಂಡಾಗ, ಆಕ್ಸಿನ್ ಒಂದು ಅಂಟಿನಂತೆ ನಡುವೆ ಕುಳಿತು ಗ್ರಾಹಕವನ್ನೂ ಕಾವಲುಗಾರನನ್ನೂ ಕೂಡಿಸುತ್ತದೆ ಎಂದು ತಿಳಿಯಿತು. ಹಾಗೆ ಅಂಟಿಕೊಂಡ ಕಾವಲುಗಾರನಿಗೆ ಜೀವಕೋಶವೇ ಕಸದ ಗುರುತು ಹಾಕಿ ಒಡೆದುಹಾಕುತ್ತದೆ. ನೋಡಿ, 1945ರಿಂದ ರೈತರು ಹೊಡೆಯುತ್ತಾ ಬಂದ ಔಷಧಿ ಎಲ್ಲಿ ಕೂರುತ್ತದೆ ಎಂದು ತಿಳಿಯಲು ಅರುವತ್ತು ವರ್ಷ ಬೇಕಾಯಿತು.

2,4-ಡಿ ಅದೇ ಜಾಗದಲ್ಲಿ ಹೋಗಿ ಕೂರುತ್ತದೆ. ವ್ಯತ್ಯಾಸ ಇಷ್ಟೇ: ಕೀರೆ, ಹರಿವೆಯಂಥ ಗಿಡಗಳಿಗೆ ಅದನ್ನು ಬೇಗ ಒಡೆದುಹಾಕಲು ಬರುವುದಿಲ್ಲ. ನನ್ನ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ನಿಲ್ಲು ಎಂಬ ಷರತ್ತೇ ಇಲ್ಲದ ಲೂಪ್. ಬೆಳೆ, ಬೆಳೆ ಎಂಬ ಆಜ್ಞೆ ಬರುತ್ತಲೇ ಇರುತ್ತದೆ. ಕೆಲವೇ ಗಂಟೆಗಳಲ್ಲಿ ಎಲೆಯ ತೊಟ್ಟು, ಕಾಂಡ ತಿರುಚಿಕೊಳ್ಳುತ್ತವೆ. ಆಹಾರ ಸಾಗಿಸುವ ನಾಳಗಳ ಸುತ್ತ ಕೋಶಗಳು ಅಡ್ಡಾದಿಡ್ಡಿ ಹೆಚ್ಚಿ ನಾಳವನ್ನೇ ಅಮುಕುತ್ತವೆ.

"ಗಿಡ ಬೆಳೆದೂ ಬೆಳೆದೂ ಸಾಯುತ್ತದೆ" ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ಅದು ಅರ್ಧ ಸತ್ಯ ಮಾತ್ರ. ಅತಿಯಾದ ಆಕ್ಸಿನ್ ಎಥಿಲೀನ್ ಅನಿಲವನ್ನು ಹೆಚ್ಚಿಸುತ್ತದೆ. ಬಾಳೆಕಾಯಿ ಹಣ್ಣು ಮಾಡುವ ಅದೇ ಎಥಿಲೀನ್. ಅದರ ಬೆನ್ನಿಗೇ ಅಬ್ಸಿಸಿಕ್ ಆಮ್ಲ ಎಂಬ ಇನ್ನೊಂದು ಹಾರ್ಮೋನು ಏರುತ್ತದೆ. ಬರಗಾಲದಲ್ಲಿ ನೀರು ಉಳಿಸಲು ಎಲೆಯ ರಂಧ್ರ ಮುಚ್ಚಿಸುವುದು ಅದರ ಕೆಲಸ. ರಂಧ್ರ ಮುಚ್ಚಿದ ಮೇಲೆ ಗಾಳಿ ಒಳಗೆ ಹೋಗದು, ದ್ಯುತಿಸಂಶ್ಲೇಷಣೆ ನಿಲ್ಲುತ್ತದೆ, ಬಿಸಿಲು ಬಿದ್ದಂತೆ ಕೋಶಗಳು ಒಳಗೇ ಹಾಳಾಗುತ್ತವೆ. ಅಂದರೆ ನೆಲದಲ್ಲಿ ತೇವ ಇರುವಾಗಲೂ ಗಿಡ ಬರಗಾಲ ಬಂದಂತೆ ವರ್ತಿಸಿ, ಒಂದರಿಂದ ಮೂರು ವಾರದಲ್ಲಿ ಸಾಯುತ್ತದೆ.

ರಾಗಿ ಏಕೆ ಸಾಯುವುದಿಲ್ಲ? ಇದಕ್ಕೆ ಒಂದೇ ಕಾರಣವಿಲ್ಲ, ಹಲವು ಸೇರಿಕೊಂಡಿವೆ. ರಾಗಿ, ಜೋಳ, ಭತ್ತ, ಗೋಧಿ, ಕಬ್ಬು ಎಲ್ಲವೂ ಹುಲ್ಲಿನ ಕುಲ. ಇವುಗಳ ಎಲೆಯ ಮೇಲೆ ಹನಿ ಕಡಿಮೆ ನಿಲ್ಲುತ್ತದೆ ಎಂಬುದು ಹಳೆಯ ಕಾರಣ. ಬೆಳೆಯುವ ಸುಳಿ ಎಲೆಗಳ ಪೊರೆಯೊಳಗೆ ಅವಿತಿರುತ್ತದೆ. ನಾಳಗಳು ಕಾಂಡದಲ್ಲಿ ಚದುರಿಕೊಂಡಿರುತ್ತವೆ. ದ್ವಿದಳ ಗಿಡಗಳಲ್ಲಿ ಕಾಂಡವನ್ನು ದಪ್ಪ ಮಾಡುವ ಕೋಶಗಳ ಉಂಗುರ ಇಲ್ಲಿಲ್ಲ, ಹಾಗಾಗಿ ಅದು ಕೆರಳಿ ನಾಳವನ್ನು ಅಮುಕುವ ಪ್ರಶ್ನೆಯೂ ಇಲ್ಲ. ಒಳಗೆ ಹೋದ ಔಷಧಿ ಗೆಣ್ಣುಗಳನ್ನು ದಾಟಿ ಸುಲಭವಾಗಿ ಹರಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹುಲ್ಲಿನ ಕುಲದ ಕಿಣ್ವಗಳು ಆ ವಸ್ತುವನ್ನು ಸ್ವಲ್ಪ ಬದಲಿಸಿ, ಸಕ್ಕರೆಯ ಅಣುವಿಗೆ ಕಟ್ಟಿಹಾಕಿ ನಿಷ್ಕ್ರಿಯಗೊಳಿಸುತ್ತವೆ. ಇದಕ್ಕೂ ಮಿತಿ ಇದೆ. ತೀರ ಎಳೆಯ ಪೈರಿಗೆ, ಅಥವಾ ತೆನೆ ಕಟ್ಟುವ ಹೊತ್ತಿನಲ್ಲಿ ಹೊಡೆದರೆ ಧಾನ್ಯದ ಬೆಳೆಯೂ ತಿರುಚಿಕೊಳ್ಳುತ್ತದೆ. ಪೊಟ್ಟಣದ ಮೇಲೆ ಬರೆದ ದಿನಗಳ ಲೆಕ್ಕ ಬರಿ ಶಾಸ್ತ್ರಕ್ಕಲ್ಲ.

ಹಾಗಾಗಿ ಔಷಧಿಗೆ ಕಳೆ ಯಾವುದು ಬೆಳೆ ಯಾವುದು ತಿಳಿಯದು. ಅದಕ್ಕೆ ತಿಳಿಯುವುದು ಹುಲ್ಲಿನ ಕುಲ ಮತ್ತು ಅದಲ್ಲದ್ದು, ಅಷ್ಟೇ. ರಾಗಿಯ ನಡುವೆ ರಾಗಿಯಂತೆಯೇ ಎದ್ದು ನಿಲ್ಲುವ ಕಾಡುರಾಗಿಯನ್ನು, ಗರಿಕೆಯನ್ನು 2,4-ಡಿ ಮುಟ್ಟುವುದಿಲ್ಲ. ಮತ್ತೆ ಮತ್ತೆ ಇದನ್ನೇ ಹೊಡೆದ ಹೊಲದಲ್ಲಿ ಅಗಲ ಎಲೆಯವು ಹೋಗಿ ಹುಲ್ಲುಗಳು ಹೆಚ್ಚುವುದು ಇದರಿಂದಲೇ. ಅಗಲ ಎಲೆಯವೂ ಸುಮ್ಮನೆ ಕೂರುವುದಿಲ್ಲ. 1957ರಲ್ಲೇ ಕೆನಡಾದಲ್ಲಿ ಈ ಔಷಧಿಗೆ ಜಗ್ಗದ ಕಾಡುಗಜ್ಜರಿ ಕಂಡಿತು.

ವಿಯೆಟ್ನಾಮಿನ ಮಾತು ಬಿಟ್ಟರೆ ಇತಿಹಾಸ ಅಪೂರ್ಣವಾಗುತ್ತದೆ. ಡೆಟ್ರಿಕ್‌ನಲ್ಲಿ ಮೊಳೆತ ಯೋಚನೆ 1962ರಿಂದ 1971ರವರೆಗೆ ಅಲ್ಲಿ ಕಾರ್ಯರೂಪಕ್ಕೆ ಬಂತು. ಕಾಡಿನ ಮರೆ ತೆಗೆಯಲು, ಬೆಳೆ ಹಾಳುಮಾಡಲು ಅಮೆರಿಕದ ವಿಮಾನಗಳು ಸುರಿದ ಏಜೆಂಟ್ ಆರೆಂಜ್ ಎಂಬುದು 2,4-ಡಿ ಮತ್ತು ಅದರ ಸೋದರ 2,4,5-ಟಿ ಎರಡರ ಸಮಪಾಲು ಮಿಶ್ರಣ. ಪೀಪಾಯಿಗೆ ಬಳಿದ ಕಿತ್ತಳೆ ಪಟ್ಟಿಯಿಂದ ಆ ಹೆಸರು. 2,4,5-ಟಿ ತಯಾರಿಸುವಾಗ ಬೆರೆತುಕೊಳ್ಳುತ್ತಿದ್ದ ಡಯಾಕ್ಸಿನ್ ಎಂಬ ಭಯಂಕರ ವಿಷ ಅಲ್ಲಿನ ಜನರನ್ನೂ, ಹೊಡೆದ ಸೈನಿಕರನ್ನೂ ಕಾಡಿತು. ವಿದ್ಯಾರ್ಥಿಯಾಗಿದ್ದಾಗ ಸೋಯಾ ಗಿಡದ ಹೂ ಬಿಡಿಸುವ ಇಂಥದೇ ವಸ್ತುವಿನ ಮೇಲೆ ಕೆಲಸ ಮಾಡಿ, ಅತಿಯಾದರೆ ಎಲೆ ಉದುರುವುದನ್ನು ಗಮನಿಸಿದ್ದ ಸಸ್ಯಶಾಸ್ತ್ರಜ್ಞ ಆರ್ಥರ್ ಗಾಲ್ಸ್ಟನ್ ಮುಂದೆ ಈ ಸಿಂಪಡಣೆಯ ವಿರುದ್ಧ ನಿಂತ ಪ್ರಮುಖರಲ್ಲಿ ಒಬ್ಬ. 1970ರಲ್ಲಿ ಏಜೆಂಟ್ ಆರೆಂಜ್ ಬಳಕೆ ನಿಂತಿತು.

ನಮ್ಮ ಅಂಗಡಿಯ ಪೊಟ್ಟಣದಲ್ಲಿರುವುದು ಏಜೆಂಟ್ ಆರೆಂಜ್ ಅಲ್ಲ. ಹಾಗೆಂದು ಅದು ಉಪ್ಪು, ಸಕ್ಕರೆಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2015ರಲ್ಲಿ 2,4-ಡಿಯನ್ನು ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತುಗಳ ಗುಂಪಿಗೆ ಸೇರಿಸಿತು. 2020ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಲು ಹೊರಟು ಕರಡು ಹೊರಡಿಸಿದ 27 ಕೀಟನಾಶಕ, ಕಳೆನಾಶಕಗಳ ಪಟ್ಟಿಯಲ್ಲಿ ಇದೂ ಇತ್ತು. 2023ರ ಅಂತಿಮ ಆದೇಶದಲ್ಲಿ ಇದು ನಿಷೇಧವಾಗಲಿಲ್ಲ. ಬರಿಗೈ, ಬರಿಗಾಲಲ್ಲಿ, ಮುಖಕ್ಕೆ ಟವಲೂ ಕಟ್ಟದೆ ಹೊಡೆಯುವ ನಮ್ಮೂರ ಹುಡುಗರನ್ನು ಕಂಡಾಗ ನನಗೆ ಈ ಮಾತು ಹೇಳಬೇಕೆನಿಸುತ್ತದೆ.

ಈಗ ಅಕ್ಕಡಿಯ ಮಾತು. ನಮ್ಮ ಹಿರಿಯರು ರಾಗಿಯನ್ನು ಒಂಟಿಯಾಗಿ ಬಿತ್ತಿದ್ದೇ ಇಲ್ಲ. ಆರೋ ಎಂಟೋ ಸಾಲು ರಾಗಿಗೆ ಒಂದು ಸಾಲು ಅಕ್ಕಡಿ: ಅವರೆ, ತೊಗರಿ, ಹುಚ್ಚೆಳ್ಳು, ಹರಳು, ಸಾಸಿವೆ, ಜೋಳ. ರಾಗಿ ಕೈಕೊಟ್ಟರೆ ಅವರೆ, ಅವರೆ ಕೈಕೊಟ್ಟರೆ ಹುಚ್ಚೆಳ್ಳು. ಜೊತೆಗೆ ದ್ವಿದಳದ ಬೇರು ಮಣ್ಣಿಗೆ ಸಾರಜನಕ ಕೊಡುತ್ತದೆ. ಈ ಪಟ್ಟಿಯಲ್ಲಿ ಹುಲ್ಲಿನ ಕುಲದ್ದು ಜೋಳ ಒಂದೇ. 2,4-ಡಿ ಹೊಡೆದ ಹೊಲದಲ್ಲಿ ಉಳಿಯುವ ಅಕ್ಕಡಿಯೂ ಅದೊಂದೇ. ಬರಿಯ ಓಟ್ಸ್, ಬರಿಯ ಗೋಧಿ ಬೆಳೆಯುವ ಹೊಲವನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದ ಔಷಧಿ ಇದು. ಮಿಶ್ರ ಬೆಳೆಯ ಹೊಲಕ್ಕೆ ಅದು ಬಂದಾಗ ಹೊಲವೇ ಔಷಧಿಗೆ ತಕ್ಕಂತೆ ಬದಲಾಗಬೇಕಾಯಿತು. ನಾನು ಶಾಲೆಗೆ ಬರುತ್ತಿದ್ದಾಗ ರಸ್ತೆಯ ಎರಡೂ ಕಡೆ ಕಾರ್ತಿಕದಲ್ಲಿ ಹಳದಿ ಹುಚ್ಚೆಳ್ಳು ಹೂವಿನ ಸಾಲು ಕಾಣುತ್ತಿತ್ತು. ಈಗ ಆ ದಾರಿಯಲ್ಲಿ ಬರಿ ರಾಗಿ, ಬರಿ ಮುಸುಕಿನ ಜೋಳ. ಇದಕ್ಕೆಲ್ಲ ಒಂದು ಔಷಧಿಯೇ ಕಾರಣ ಎನ್ನಲಾರೆ. ಕಟಾವು ಯಂತ್ರಕ್ಕೂ ಅಕ್ಕಡಿ ಸಾಲು ಅಡ್ಡಿ, ಬೆಲೆಯ ಲೆಕ್ಕವೂ ಇದೆ.

ಅಪ್ಪನನ್ನು ನಾನು ದೂರುವುದೂ ಇಲ್ಲ. ಕುಂಟೆ ಹೊಡೆಯಲು ಎತ್ತಿಲ್ಲ. ಕಳೆ ಕೀಳಲು ಬಗ್ಗಿ ಕೂರುವ ಹೆಣ್ಣಾಳುಗಳು ಸಿಗುವುದಿಲ್ಲ, ಸಿಕ್ಕವರ ಸೊಂಟ ಮೊಣಕಾಲು ನಮ್ಮ ಮಾತು ಕೇಳುವ ಸ್ಥಿತಿಯಲ್ಲಿಲ್ಲ. ಆಳಾಗಬೇಕಿದ್ದ ಮಗ ಬೆಂಗಳೂರಿನಲ್ಲಿ ಕೀಬೋರ್ಡ್ ಒತ್ತುತ್ತಿದ್ದಾನೆ. ಬೇಲಿಯ ಪಕ್ಕದ ಕಾಂಗ್ರೆಸ್ ಗಿಡ ಈ ಔಷಧಿಗೆ ಸತ್ತರೆ ಯಾರಿಗೂ ಬೇಸರವಿಲ್ಲ, ನನಗೂ ಇಲ್ಲ. ಬೇಸರ ಇರುವುದು ಪಕ್ಕದ ಹೊಲಕ್ಕೆ ಗಾಳಿ ತೂರಿದಾಗ. 2,4-ಡಿಯ ಸೋಡಿಯಂ ಲವಣದ ಪುಡಿಗಿಂತ ಎಸ್ಟರ್ ರೂಪದ ದ್ರವ ಬಿಸಿಲಿಗೆ ಬೇಗ ಆವಿಯಾಗಿ ಹಾರುತ್ತದೆ. ಹತ್ತಿ, ಟೊಮ್ಯಾಟೊ, ದ್ರಾಕ್ಷಿ, ದ್ವಿದಳ ಧಾನ್ಯಗಳಿಗೆ ಅದರ ಲೇಶ ತಾಗಿದರೂ ಸಾಕು. ನಮ್ಮ ಅವರೆ ಸಾಲಿನ ಎಳೆ ಎಲೆಗಳು ಒಂದು ವರ್ಷ ಬಟ್ಟಲಿನಂತೆ ಮುದುರಿ, ಕುಡಿ ಹಾವಿನಂತೆ ಸುರುಳಿ ಸುತ್ತಿದವು. ರೋಗ ಎಂದುಕೊಂಡು ಇನ್ನೊಂದು ಔಷಧಿ ತಂದು ಹೊಡೆದವರೂ ಊರಲ್ಲಿದ್ದರು.

ಅವ್ವನ ಲೆಕ್ಕ ಬೇರೆ. ಔಷಧಿ ಹೊಡೆಯುವ ದಿನ ಅವ್ವ ಬದುವಿನ ಪಕ್ಕದ ಎರಡು ಗುಂಟೆಗೆ ಕೋಲು ನೆಟ್ಟು, ಈ ಕಡೆ ಬರಬೇಡಿ ಎಂದು ಗಡಿ ಹಾಕುತ್ತಾಳೆ. ಅಲ್ಲಿ ಕಳೆಯನ್ನು ಕೈಯಲ್ಲೇ ಕೀಳುವುದು, ಕಿತ್ತದ್ದು ಮಡಿಲಿಗೆ ಬೀಳುವುದು. ಬೆರಕೆ ಸೊಪ್ಪಿನ ಸಾರಿಗೆ ಅವ್ವನಿಗೆ ಬೇಕಾದ ಸೊಪ್ಪು ಒಂದೂ ಬಿತ್ತಿದ್ದಲ್ಲ. ಕಳೆದ ಮಳೆಗಾಲದಲ್ಲಿ ಅವ್ವನನ್ನು ಕೂರಿಸಿಕೊಂಡು ಹೆಸರು ಬರೆದುಕೊಂಡೆ: ಕೀರೆ, ಅಣ್ಣೆ, ಗಣಿಕೆ, ಹೊನಗೊನೆ, ದೊಡ್ಡಗೋಣಿ, ಕನ್ನೆ, ತಗಚೆ, ತುಂಬೆ. ಮರುದಿನ ಹೊಲಕ್ಕೆ ಹೋಗಿ ಹುಡುಕಿದೆವು. ಅವ್ವನ ಎರಡು ಗುಂಟೆಯಲ್ಲಿ ಎಂಟರಲ್ಲಿ ಆರು ಸಿಕ್ಕವು. ಕೋಲಿನ ಆಚೆ ಸಿಕ್ಕಿದ್ದು ಕನ್ನೆ ಒಂದೇ, ಅದೂ ಬದುವಿನ ಮಗ್ಗುಲಲ್ಲಿ.